‘ಒಂದು’ ಎಲ್ಲಿ ಹೋಯಿತು?

ಬಾನೆಟ್ ಎತ್ತಿದ ಮೆಕ್ಯಾನಿಕ್ ಲಗಮಪ್ಪ ಹಾಗೇ ನಿಂತ. ನಾಲ್ಕೂ ನಾಝಲ್ ಮಾಯವಾಗಿದ್ದವು.

ಬೈಲಹೊಂಗಲದ ಕಾಳಿನ ವ್ಯಾಪಾರಿ ಕಾಡಪ್ಪನ ಶೆಡ್ಡಿನಲ್ಲಿದ್ದ ಆ ಕಾರು ಅವನ ಅಪ್ಪನ ಕಾಲದ್ದು, ಜರ್ಮನಿಯದು, ಡೀಸೆಲ್ಲಿನದು, ಅರವತ್ತು ವರ್ಷದ್ದು. ಅದರ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ಹೊಂದಿಸಲು ಲಗಮಪ್ಪನಿಗೆ ಎರಡು ವರ್ಷ ಹಿಡಿದಿತ್ತು. ಮೂರು ಗುಜರಿಯಲ್ಲಿ ಸಿಕ್ಕವು. ಅದೇ ನಂಬರಿನ ನಾಲ್ಕನೆಯದು ಕಟಕೋಳದ ಹಳೆಯ ನೀರೆತ್ತುವ ಎಂಜಿನ್ನಿನಲ್ಲಿ. ಆದರೆ ನಂಬರು ಒಂದಾದರೆ ಸಾಲದು, ಜಾತಕವೂ ಕೂಡಬೇಕು. ಸವದತ್ತಿಯಲ್ಲಿ ಡೀಸೆಲ್ ಪಂಪಿನ ಅಂಗಡಿ ಇಟ್ಟಿರುವ ಸಂಘಮಿತ್ರಾ ತೆಳು ಬಿಲ್ಲೆ ಇಟ್ಟು, ತೆಗೆದು, ನಾಲ್ಕೂ ಒಂದೇ ಒತ್ತಡಕ್ಕೆ ಉಗುಳುವಂತೆ ಮಾಡಿಕೊಟ್ಟಿದ್ದಳು. ನಿನ್ನೆ ಲಗಮಪ್ಪ ಅವನ್ನು ಕೂಡಿಸಿದ್ದ. ಇಂದು ಹನ್ನೆರಡಕ್ಕೆ ಕಾರು ಕೊಳ್ಳುವವರು ಬರುವವರಿದ್ದರು.

ಸುದ್ದಿ ಕೇಳಿ ಸಂಘಮಿತ್ರಾ ಬಂದಾಗ ಹತ್ತೂವರೆ. ಅಂಗಳದಲ್ಲಿ ಕಾಡಪ್ಪನ ಅಕ್ಕ ಗುರುಬಸವ್ವ—ಗಂಡ ತೀರಿದ ಮೇಲೆ ತವರಿಗೆ ಮರಳಿದವಳು—ಗಿರಣಿಗೆ ಜೋಳ ಅಳೆಯುತ್ತಿದ್ದಳು. “ಲಾಭಾ… ಎರಡಾ… ಮೂರಾ…” ತಲೆ ಎತ್ತಲಿಲ್ಲ.

ಶೆಡ್ಡಿನಲ್ಲಿ ಕಾಡಪ್ಪ ತೀರ್ಪು ಕೊಟ್ಟಾಗಿತ್ತು.

“ಕಳ್ಳ ಹೆಸರು ಬರದಿಟ್ಟ ಹೋಗ್ಯಾನ ನೋಡ್ರಿ, ಬಾಯಾರ.”

ನಾಲ್ಕು ಪೈಪುಗಳ ತುದಿಗೆ ದಾರದಿಂದ ಕಟ್ಟಿದ ನಾಲ್ಕು ಚೀಟಿ. ಲಾ. ೨. ೩. ೪.

“ಲಾ ಅಂದ್ರ ಲಗಮಪ್ಪ. ಬ್ಯಾರೆ ಯಾರ ಅದಾರ?”

“ಎರಡ ವರ್ಷ ಹುಡುಕಿ ತಂದದ್ದನ್ನ ನಾನ ಕದೀಲೇನ್ರಿ, ಸಾವ್ಕಾರ್ರ?” ಎಂದ ಲಗಮಪ್ಪ. “ಈ ಮಾತ ಊರಾಗ ಹೊಂಟರ ನನ್ನ ಕೈಯಾಗ ಯಾರ ಗಾಡಿ ಕೊಡತಾರ?”

“ಹನ್ನೆರಡರೊಳಗ ಸಿಗಲಿಲ್ಲಂದ್ರ ಪೊಲೀಸರಿಗೆ ಹೇಳತೇನಿ.”

ಕಳ್ಳರನ್ನು ಹಿಡಿಯುವುದು ಸಂಘಮಿತ್ರಾಳ ಕಸುಬಲ್ಲ. ಯಾವುದು ಹೊಂದುತ್ತಿಲ್ಲ ಎಂದು ನೋಡುವುದು ಕಸುಬು. ಬಗ್ಗಿದಳು. ನಾಝಲ್ ತೆಗೆದ ತೂತುಗಳಿಗೆ ಶುಭ್ರ ಅರಿವೆ ತುರುಕಿತ್ತು—ಧೂಳು ಇಳಿಯದಂತೆ. ನಟ್ಟು ಬಿಚ್ಚುವ ಪಾನಾಗಳು ಒರೆಸಿಕೊಂಡು ತಮ್ಮ ಜಾಗದಲ್ಲಿ ಮಲಗಿದ್ದವು.

“ಲಗಮಣ್ಣಾ, ನೀ ಕೆಲಸಾ ಮಾಡೂ ಮುಂದ ಇಲ್ಲಿ ಯಾರ ಬರತಿದ್ರು?”

“ಸಾವ್ಕಾರ್ರು ಫೋನ್ ಹಿಡಕೊಂಡ ಬರತಿದ್ರು. ಅಕ್ಕಾರು ಚಾ ತರತಿದ್ರು.”

“ಚಾ ಕೊಟ್ಟ ಹೋಗತಿದ್ರು?”

“ಇಲ್ಲ… ಕುಂದರತಿದ್ರು. ಇದ್ಯಾಕ, ಅದ್ಯಾಕ ಅಂತ ಕೇಳತಿದ್ರು. ಪಾನಾ ಸೈತ ಹಿಡದ ನೋಡತಿದ್ರು.”

“ಗಾಡಿ ಮಾರೂದು ಅವರಿಗೆ ಹೇಳೀರಿ, ಸಾವ್ಕಾರ್ರ?”

“ನಿನ್ನಿ ಉಣ್ಣೂ ಮುಂದ ಅಂದ್ನಿ. ಹೆಣ್ಮಕ್ಕಳಿಗೇನ ಕಾರಿನ ಸುದ್ದಿ?”

ಆ ಕಾರಿನ ನಾಝಲ್ ಹೊಂದಿಸಿಕೊಟ್ಟ ಹೆಣ್ಣುಮಗಳು ಚೀಟಿ ಎತ್ತಿ ಹಿಡಿದಳು.

“ನಿಮಗ ಲಾ ಕಾಣಸ್ತು. ನನಗ ಒಂದು ಕಾಣಸವಲ್ದು. ಎರಡೈತಿ, ಮೂರೈತಿ, ನಾಕೈತಿ. ಒಂದು ಎಲ್ಲಿ ಹೋತು? ಲಗಮಪ್ಪ ತನ್ನ ಹೆಸರಿಗೆ ದೀರ್ಘಾ ಯಾಕ ಕೊಡತಾನ? ಕಾಳ ಅಳಿಯವ್ರು ಮೊದಲ್ನೇ ಸೇರಿಗೆ ಒಂದು ಅನ್ನೂದಿಲ್ಲ, ಲಾಭ ಅಂತಾರ. ನಿಮ್ಮ ಅಂಗಡ್ಯಾಗ ಈಗ ಕರೆಂಟಿನ ತೂಕದ ಕಾಟಾ, ನೀವು ಮರತೀರಿ. ನಿಮ್ಮ ಮನ್ಯಾಗ ಒಬ್ರು ಮರತಿಲ್ಲ. ಮಾರಾಕ ಕದ್ದವ್ರು ಯಾವದು ಯಾವ ತೂತಿಂದು ಅಂತ ಚೀಟಿ ಕಟ್ಟತಾರೇನ್ರಿ? ತಿರಗಿ ಹಚ್ಚಬೇಕನ್ನವ್ರು ಕಟ್ಟತಾರ.”

ಅಂಗಳದ ಎಣಿಕೆ ಯಾವಾಗಲೋ ನಿಂತಿತ್ತು.

ಗುರುಬಸವ್ವ ಬಾಗಿಲಲ್ಲಿದ್ದಳು. ಸೆರಗಿನ ಗಂಟು ಬಿಚ್ಚಿದಳು: ನಾಲ್ಕು ನಾಝಲ್, ಒಂದೊಂದಕ್ಕೂ ಜೋಡಿ ಚೀಟಿ, ಸಂದಿಯಲ್ಲಿ ಎರಡು ಕಾಳು ಜೋಳ.

“ಯಕ್ಕಾ, ನೀನ? ಯಾಕ?”

“ಹದಿನೇಳ ವರ್ಷದಾಕಿ ಇದ್ದಾಗ ಅಪ್ಪ ಹೂಲಿ ಹಾದ್ಯಾಗ ನನಗ ಇದನ್ನ ಹೊಡ್ಯಾಕ ಕಲಿಸಿದ್ದ. ನಿಶ್ಚೆ ಆದಮ್ಯಾಲೆ ಚಾವಿ ಇಸಗೊಂಡ. ಕೆಟ್ಟ ನಿಂತದ್ದಂದ್ರ ಕಾಯಬಹುದಪಾ. ನೀ ಅಂದಿ, ಚಾಲೂ ಆದ ದಿನಾನ ಹೋಗತೈತಿ ಅಂತ. ಅದಕ್ಕ ಬಿಚ್ಚಿಟ್ನಿ.”

“ಒಮ್ಮೆ ಹೊಡೀತೇನಿ ಅಂತ ಕೇಳಬಾರದಿತ್ತ?”

“ಕೇಳಿದ್ರ ನಗತಿದ್ದಿ.”

ಕಾಡಪ್ಪ ನಗಲಿಲ್ಲ. ಲಗಮಪ್ಪನ ಕಡೆ ತಿರುಗಿದ. “ನಂದ ತಪ್ಪಾತು.”

“ಲಾಭಾನ ಮರತ ವ್ಯಾಪಾರಿ ನೀವೊಬ್ರ, ಸಾವ್ಕಾರ್ರ,” ಎಂದು ಲಗಮಪ್ಪ ಪಾನಾ ಎತ್ತಿಕೊಂಡ. ಚೀಟಿ ನೋಡಿ ನೋಡಿ ಕೂಡಿಸಿದ. ಒಂದೂ ತಪ್ಪಿರಲಿಲ್ಲ.

ಕಾಡಪ್ಪನ ಕೈಯ ಫೋನು ಕೊಳ್ಳುವವರ ಕರೆಗೆ ಬಡಿದುಕೊಳ್ಳತೊಡಗಿತು. ಅವನು ಇನ್ನೊಂದು ಕೈಯಿಂದ ಅಕ್ಕನತ್ತ ಚಾವಿ ಚಾಚಿದ.

ಗುರುಬಸವ್ವ ಸೆರಗು ಸಿಕ್ಕಿಸಿ ಕುಳಿತಳು. ಸ್ಟೇರಿಂಗಿನ ಮೇಲೆ ಕೈ ತಾನೇ ಜಾಗ ಹುಡುಕಿಕೊಂಡಿತು. ಚಾವಿ ತಿರುಗಿತು. ಎಂಜಿನ್ ನಡುಗಿತು, ಎಲ್ಲೋ ಆಳದಲ್ಲಿ ಒಂದು ಸಿಲಿಂಡರ್ ಕೆಮ್ಮಿತು.

“ಲಾಭಾ,” ಎಂದಳು ಗುರುಬಸವ್ವ.

ಮತ್ತೊಂದು ಹೊತ್ತಿತು.

“ಎರಡಾ,” ಎಂದ ಕಾಡಪ್ಪ, ಫೋನು ಬಂದ್ ಮಾಡಿ.