ಉಸಿರು ಬಿಡಿಸಿದ ಹೆಸರು

"ಬಾಗಿಲ ಸದ್ದು" ಎಂದಿತು ಧ್ವನಿವರ್ಧಕ. ಮೈಸೂರಿನ ಆ ತಂಪು ಕೋಣೆಯಲ್ಲಿ ಸಾಲಾಗಿ ಕುಳಿತಿದ್ದವರೆಲ್ಲ ಅರೆಗಳಿಗೆ ಉಸಿರು ಹಿಡಿದರು. ಹಿಡಿದದ್ದು ಅವರಿಗೇ ತಿಳಿಯಲಿಲ್ಲ. ಅವರ ಕುತ್ತಿಗೆಗೆ ಅಂಟಿಸಿದ್ದ ಸಂವೇದಕಕ್ಕೆ, ಅಂದರೆ ಮೈಯ ಸಣ್ಣ ಅಲುಗಾಟವನ್ನೂ ವಿದ್ಯುತ್ತಾಗಿಸಿ ಕಳಿಸುವ ಬಿಂದಿಯಷ್ಟಗಲದ ಚೂರಿಗೆ, ತಿಳಿಯಿತು. ಪಕ್ಕದ ಕೋಣೆಯ ಗೋಡೆಯ ಮೇಲಿದ್ದ ಮುಳ್ಳು ಬಲಕ್ಕೆ ಜಿಗಿದು ನಿಂತಿತು.

"ಹೊಡೀತು ನೋಡಿ!" ನಿರ್ಮಾಪಕ ಪ್ರಣೀತ್ ಗೌಡ ತೊಡೆ ತಟ್ಟಿದ. "ಡಾಕ್ಟ್ರೇ, ಇನ್ನೇನು ನೋಡೋದು? ಒಂಬತ್ತನೇ ಭಾಗಕ್ಕೆ ಇದೇ ಹೆಸರು."

ಡಾ. ಶಾಲ್ಮಲಾ ಬಡಿಗೇರ ತಲೆಯಾಡಿಸಿದಳು. ಹಂಬಲಮಾಪಕವೆಂಬ ಆ ಮುಳ್ಳಿನ ಯಂತ್ರ ಅವಳು ಕಂಡುಹಿಡಿದದ್ದು. ಮನುಷ್ಯ ತನಗೆ ಬೇಕಾದದ್ದು ಇನ್ನೇನು ಸಿಕ್ಕೀತು ಎನ್ನುವಾಗ ಗಂಟಲ ಸ್ನಾಯುವನ್ನು ಬಿಗಿ ಮಾಡಿ ಉಸಿರು ತಡೆಯುತ್ತಾನೆ. ಆ ತಡೆ ಎಷ್ಟು ಗಟ್ಟಿಯೋ ಹಂಬಲ ಅಷ್ಟು ಗಟ್ಟಿ ಎಂಬುದು ಅವಳ ಶೋಧ. ಧಾರವಾಡದ ಪ್ರಯೋಗಾಲಯದಲ್ಲಿ ಅದನ್ನು ಸಾಧಿಸಿದಾಗ ಇದರಿಂದ ಮನೋರೋಗಿಗಳಿಗೆ ಉಪಕಾರವಾದೀತು ಎಂದುಕೊಂಡಿದ್ದಳು. ಮೊದಲು ಬಂದು ಕದ ತಟ್ಟಿದವರು ಸಿನಿಮಾದವರು. ಬರದೆ ಏನು!

'ನೀಲಿಯಾಚೆ' ಚಿತ್ರಮಾಲೆಯ ಮೊದಲ ಭಾಗ ಬಂದು ಆಗ ನಲವತ್ತು ವರ್ಷ. ಅದರಲ್ಲಿ ನಿರಂಜನನೆಂಬ ಗಗನಯಾತ್ರಿ ಹೆಂಡತಿಗೆ "ಸಂಜೆಯೊಳಗೆ ಬಂದ್ಬಿಡ್ತೀನಿ" ಎಂದು ತಮಾಷೆ ಮಾಡಿ ಹೊರಟವನು ಇನ್ನೂ ಬಂದಿರಲಿಲ್ಲ. ಎಂಟು ಭಾಗಗಳಲ್ಲಿ ಅವನು ಗ್ರಹದಿಂದ ಗ್ರಹಕ್ಕೆ ಅಲೆದ, ಎರಡು ಸಲ ಸತ್ತು ಎದ್ದ. ಪ್ರತಿ ಭಾಗದ ಕೊನೆಯಲ್ಲೂ ಹೆಂಡತಿ ತಾರಸಿಯ ಮೇಲೆ ನಿಂತು ಆಕಾಶ ನೋಡುತ್ತಾಳೆ. ಜನ ಕಣ್ಣೊರೆಸಿಕೊಂಡು ಮುಂದಿನ ಭಾಗ ಯಾವಾಗ ಎಂದು ಕೇಳುತ್ತಾರೆ. ಅವನು ಬರಬೇಕೋ ಬೇಡವೋ ಎಂದು ತೀರ್ಮಾನಿಸುವವನು ಕತೆಗಾರನಲ್ಲ ಎಂಬುದು ಆ ಜನಕ್ಕೆ ಗೊತ್ತಿರಲಿಲ್ಲ. ನಮ್ಮ ಗಾಂಧಿನಗರದ ಪದ್ಧತಿಯೇ ಹಾಗೆ: ಮೊದಲು ಹೆಸರು, ಆಮೇಲೆ ಕತೆ. ಹೆಸರು ನೋಂದಾಯಿಸಿ, ಪೋಸ್ಟರ್ ಬಿಟ್ಟು, ಮುಹೂರ್ತ ಮುಗಿಸಿ, ಅಭಿಮಾನಿಗಳು ಹಾಲಿನ ಅಭಿಷೇಕಕ್ಕೆ ಸಜ್ಜಾದ ಮೇಲೆ ಕತೆಗಾರನನ್ನು ಕರೆದು "ಇದಕ್ಕೊಂದು ಕತೆ ಹೊಂದಿಸಪ್ಪಾ" ಎನ್ನುವುದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ. ಹಿಂದಿನ ಎರಡು ಭಾಗಗಳಿಂದ ಆ ಕುಲಾವಿಯನ್ನು ಹಂಬಲಮಾಪಕವೇ ಆರಿಸುತ್ತಿತ್ತು. 'ಕೊನೆಯ ಕರೆ' ಅದು ಆರಿಸಿದ್ದು, 'ಇನ್ನೊಂದು ತಿರುವು' ಅದು ಆರಿಸಿದ್ದು. ಎರಡೂ ಭರ್ಜರಿಯಾಗಿ ಓಡಿದವು.

ಪ್ರಣೀತ್ ಸಿಹಿ ತರಿಸಲು ಹೇಳುವಷ್ಟರಲ್ಲಿ ಕೋಲೂರಿಕೊಂಡು ಸಿಂಚನಮ್ಮ ಒಳಗೆ ಬಂದರು. ನಲವತ್ತು ವರ್ಷದಿಂದ ತಾರಸಿಯ ಮೇಲೆ ನಿಂತಿರುವ ಹೆಂಡತಿ ಇವರೇ. ಮೊದಲ ಭಾಗದಲ್ಲಿ ಜಡೆ ತುಂಬ ಮಲ್ಲಿಗೆ ಮುಡಿದಿದ್ದವರ ತಲೆ ಈಗ ಹತ್ತಿಯಷ್ಟು ಬೆಳ್ಳಗಾಗಿತ್ತು.

"ಬಾಗಿಲ ಸದ್ದಂತೆ!" ಎಂದರು ಕುರ್ಚಿ ಎಳೆದುಕೊಳ್ಳುತ್ತ. "ಸದ್ದು ಕೇಳಿಸುತ್ತೆ, ನಾನು ಓಡಿ ಹೋಗಿ ಬಾಗಿಲು ತೆಗೀತೀನಿ, ಹೊರಗೆ ಬರೀ ಗಾಳಿ. ನಿಮ್ಮ ಆಟ ನನಗೆ ಗೊತ್ತಿಲ್ವೇನಪ್ಪಾ?"

"ಅಮ್ಮಾ, ಈ ಬಿಸಿಲಲ್ಲಿ ನೀವ್ಯಾಕೆ ಬರೋಕೆ ಹೋದ್ರಿ..."

"ಹೆಸರು ಹೇಳೋಕೆ ಬಂದೆ. ಬರ್ಕೋ. ಬಂದ್ಯಾ."

"ಏನು ಬಂದ್ಯಾ?"

"ಅದೇ ಹೆಸರು ಕಣೋ. ಅವನು ಬಾಗಿಲಿಗೆ ಬರ್ತಾನೆ. ನಾನು, 'ಬಂದ್ಯಾ? ಕೈಕಾಲು ತೊಳ್ಕೊ, ತಟ್ಟೆ ಹಾಕ್ತೀನಿ' ಅಂತೀನಿ. ಮುಗೀತು."

ಪ್ರಣೀತನಿಗೆ ನಗು ಬಂತು. "ಮುಗೀತು ಅಂದ್ರೆ ನಾನೂ ಮುಗಿದ ಹಾಗೇ ಅಮ್ಮಾ. ಹತ್ತನೇ ಭಾಗಕ್ಕೆ ಏನು ಮಾಡ್ಲಿ?"

ಸಿಂಚನಮ್ಮ ಅವನಿಗೆ ಉತ್ತರ ಕೊಡದೆ ಶಾಲ್ಮಲಾಳತ್ತ ತಿರುಗಿದರು. "ನನಗೆ ಮಾತು ಜಾರ್ತಿದೆ ಮಗಳೇ. ಮೊನ್ನೆ ಪಕ್ಕದ ಮನೆಯವಳ ಹೆಸರು ಹೋಯ್ತು. ಇವತ್ತು ನಮ್ಮ ಬೀದಿ ಹೆಸರೇ ಹೋಯ್ತು, ಆಟೋದವನ ಮುಂದೆ ಬಾಯಿ ಬಿಟ್ಕೊಂಡು ನಿಂತಿದ್ದೆ. ಹತ್ತನೇ ಭಾಗದ ಹೊತ್ತಿಗೆ ಈ ಒಂದು ಮಾತೂ ಹೋಗಿರುತ್ತೆ. ಹೋಗೋಕೆ ಮುಂಚೆ ಒಂದೇ ಸಲ ಆಡ್ಬೇಕು. ಇಷ್ಟು ವರ್ಷ ಆಕಾಶ ನೋಡಿದ್ದಕ್ಕೆ ಅಷ್ಟೂ ಸಿಗಬಾರದಾ?"

ಶಾಲ್ಮಲಾ ಪ್ರಣೀತನತ್ತ ತಿರುಗಿದಳು. "ಗೌಡ್ರ, ಹೆಂಗೂ ಮಂದಿ ಕುಂತಾರ. ಒಮ್ಮೆ ಕೇಳಿ ನೋಡೂಣು," ಎಂದಳು.

ಧ್ವನಿವರ್ಧಕ "ಬಂದ್ಯಾ" ಎಂದಿತು. ಮುಳ್ಳು ಎಡಕ್ಕೆ ಬಿತ್ತು. ಅಷ್ಟು ಕೆಳಗೆ ಅದು ಎಂದೂ ಬಿದ್ದಿರಲಿಲ್ಲ.

"ಮಕಾಡೆ ಮಲಗ್ತು," ಎಂದ ಪ್ರಣೀತ್. ಆದರೂ ಪಾಪ, ಸಿಂಚನಮ್ಮನ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ. ಫೋನ್ ಬಂದವನಂತೆ ನಟಿಸುತ್ತ ಹೊರಗೆ ಹೋದ.

ಶಾಲ್ಮಲಾ ಮುಳ್ಳು ಬಿಟ್ಟು ಗಾಜಿನಾಚೆ ನೋಡಿದಳು. ಬೇರೆ ಹೆಸರು ಕೇಳಿದವರು ಮುಂದೇನು ಎಂದು ಕೇಳುತ್ತ ತಟ್ಟನೆ ಎದ್ದುಬಿಡುತ್ತಿದ್ದರು. ಇವರು ಏಳಲೇ ಇಲ್ಲ. ಒಬ್ಬ ಬೆನ್ನು ಒರಗಿಸಿ ಕಣ್ಣು ಮುಚ್ಚಿದ್ದ. ಒಬ್ಬ ಹುಡುಗಿ ಯಾರಿಗೋ ಫೋನ್ ಮಾಡಿ "ಏನಿಲ್ಲ, ಸುಮ್ನೆ ಮಾಡ್ದೆ, ಊಟ ಆಯ್ತಾ?" ಎನ್ನುತ್ತಿದ್ದಳು. ಬೇಸರವಾದವರು ಹೀಗಿರುತ್ತಾರೆಯೇ? ಶಾಲ್ಮಲಾ ಲೆಕ್ಕಾಚಾರದ ಪದರಗಳನ್ನೆಲ್ಲ ಸರಿಸಿ, ಸಂವೇದಕ ಕಳಿಸಿದ್ದ ಉಸಿರಿನ ಮೂಲ ಅಲೆಗಳನ್ನೇ ಪರದೆಗೆ ತಂದಳು. ತಪ್ಪು ಕಣ್ಣಿಗೆ ರಾಚಿತು. ಯಂತ್ರಕ್ಕೆ ಮೊದಲ ಪಾಠ ಕಲಿಸುವಾಗ ಅವಳು ಕೂರಿಸಿದ್ದು ಮೊದಲ ದಿನದ ಮೊದಲ ಆಟಕ್ಕೆ ಶಿಳ್ಳೆ ಹೊಡೆಯುತ್ತ ಬಂದ ಅಭಿಮಾನಿಗಳನ್ನು. ಅವರಲ್ಲಿ ಉಸಿರು ಬಿಟ್ಟವನೆಂದರೆ ಬೇಸರವಾಗಿ ಪಾಪ್‌ಕಾರ್ನ್‌ಗೆ ಎದ್ದು ಹೋದವನು. ಹಾಗಾಗಿ ಬಿಟ್ಟ ಉಸಿರಿಗೆಲ್ಲ ಸೊನ್ನೆ ಹಾಕಬೇಕೆಂದು ಯಂತ್ರ ಕಲಿತುಬಿಟ್ಟಿತ್ತು. ಈಗ ಪರದೆಯ ಮೇಲೆ ಇದ್ದದ್ದೂ ಬಿಟ್ಟ ಉಸಿರೇ. ಆದರೆ ಅದು ನಿಧಾನ, ದೀರ್ಘ, ತಳದಿಂದ ಬಂದದ್ದು. ಭಾರ ಹೊತ್ತು ನಡೆದವನು ಮನೆ ಜಗಲಿಯ ಮೇಲೆ ಮೂಟೆ ಇಳಿಸಿದಾಗ ಬಿಡುತ್ತಾನಲ್ಲ, ಅಂಥದು.

ಒಂದು ವಾರ ಕೂತು ಅವಳು ಯಂತ್ರಕ್ಕೆ ಎರಡನೆಯ ಮುಳ್ಳು ಹಾಕಿದಳು. ಮೊದಲನೆಯದು ಹಿಡಿದ ಉಸಿರಿಗೆ, ಎರಡನೆಯದು ನೆಮ್ಮದಿಯಿಂದ ಬಿಟ್ಟ ಉಸಿರಿಗೆ. ಮತ್ತೆ ಜನರನ್ನು ಕೂರಿಸಿದಾಗ 'ಬಂದ್ಯಾ' ಎಂಬ ಹೆಸರಿಗೆ ಎರಡನೆಯ ಮುಳ್ಳು ಕೊನೆ ಮುಟ್ಟಿತು.

"ಎಂಟು ಭಾಗದ ಹಂಬಲ ಇದ್ರಾಗ ಇಳೀತೈತ್ರಿ ಗೌಡ್ರ," ಎಂದಳು ಶಾಲ್ಮಲಾ. "ತಪ್ಪು ನಂದ. ಇಷ್ಟ ದಿನಾ ನಾ ಅರ್ಧಾ ಅಷ್ಟ ಅಳದೇನಿ."

ಪ್ರಣೀತ್ ದಡ್ಡನಲ್ಲ. ಅವನಿಗೆ ಎಲ್ಲ ಅರ್ಥವಾಯಿತು, ಅದೇ ತೊಂದರೆ. "ಡಾಕ್ಟ್ರೇ, ಉಸಿರು ಹಿಡಿದವನು ಮತ್ತೆ ಬರ್ತಾನೆ. ಉಸಿರು ಬಿಟ್ಟವನು ಮನೆಗೆ ಹೋಗ್ತಾನೆ. ನನಗೆ ಮೊದಲನೇ ಮುಳ್ಳೇ ಸಾಕು."

ಮೂಲೆಯಲ್ಲಿ ಕುಳಿತಿದ್ದ ಸಿಂಚನಮ್ಮ ಕೋಲನ್ನು ನೆಲಕ್ಕೆ ಕುಟ್ಟಿದರು. ನಿರಂಜನನ ಪಾತ್ರ ಮಾಡಿದ್ದ ನಟ ಎರಡನೆಯ ಭಾಗದ ಹೊತ್ತಿಗೇ ತೀರಿಕೊಂಡಿದ್ದ. ಅಲ್ಲಿಂದೀಚೆಗೆ ಅವನ ಮುಖವನ್ನು ಗಣಕಯಂತ್ರವೇ ಕಟ್ಟುತ್ತಿತ್ತು. ಆದರೆ ಬದುಕಿರುವವರ ಮುಖವನ್ನು ಅವರ ಒಪ್ಪಿಗೆಯಿಲ್ಲದೆ ಕಟ್ಟಬಾರದೆಂದು ಅಷ್ಟರಲ್ಲಿ ಕಾನೂನು ಬಂದಿತ್ತು.

"ನೋಡು ಪ್ರಣೀತಾ, ಹೆಸರು ನಿಂದೇ ಇರ್ಲಿ. ಮುಖ ನಂದು. ಕೊಡಲ್ಲ."

"ಅಮ್ಮಾ!"

"ಅಮ್ಮನೂ ಇಲ್ಲ, ಅಜ್ಜಿನೂ ಇಲ್ಲ. ತಾರಸಿ ಮೇಲೆ ಖಾಲಿ ಆಕಾಶ ತೋರಿಸ್ಕೋ ಹೋಗು."

ಪ್ರಣೀತ್ ತಲೆ ಕೆರೆದುಕೊಂಡ, ಸಿಡುಕಿದ, ಎರಡು ದಿನ ಫೋನ್ ಎತ್ತಲಿಲ್ಲ. ಸಿಂಚನಮ್ಮನಿಲ್ಲದ 'ನೀಲಿಯಾಚೆ'ಗೆ ಯಾರು ಬಂದಾರು? ಮೂರನೆಯ ದಿನ 'ಬಂದ್ಯಾ' ಎಂಬ ಪೋಸ್ಟರ್ ಬಿತ್ತು.

ಆ ದೃಶ್ಯದ ಚಿತ್ರೀಕರಣಕ್ಕೆ ಶಾಲ್ಮಲಾಳೂ ಹೋಗಿದ್ದಳು. ಇಲ್ಲದ ಗಂಡನ ಜಾಗದಲ್ಲಿ ಎಂದಿನಂತೆ ಹಸಿರು ಕೋಲೊಂದನ್ನು ನೆಟ್ಟಿದ್ದರು; ತುದಿಯಲ್ಲಿ ಒಂದು ಚೆಂಡು, ನೋಟ ಅಲ್ಲಿಗೆ ನಿಲ್ಲಲಿ ಎಂದು. ಸಿಂಚನಮ್ಮ ಅದನ್ನು ಕಂಡು ಮುಖ ಸಿಂಡರಿಸಿದರು. "ಇದಕ್ಕೆ ಊಟ ಬಡಿಸ್ಲಾ ನಾನು? ಹಸಿದಿರೋ ಮನುಷ್ಯನ್ನ ಯಾರನ್ನಾದ್ರೂ ನಿಲ್ಸಿ." ಬೆಳಿಗ್ಗೆಯಿಂದ ತಿಂಡಿ ತಿನ್ನದ ದೀಪದ ಕೆಲಸಗಾರನೊಬ್ಬ ನಾಚಿಕೊಳ್ಳುತ್ತ ಬಂದು ಹೊಸ್ತಿಲಲ್ಲಿ ನಿಂತ.

ಸಿಂಚನಮ್ಮ ಬಾಗಿಲು ತೆರೆದರು. ನಿರ್ದೇಶಕ ಎದೆ ಬಿರಿಯುವ ಅಳುವನ್ನು ಬಯಸಿದ್ದ. ಅವರು ಅಳಲಿಲ್ಲ. ಆ ಬೆವೆತ ಮುಖವನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಪೇಟೆಗೆ ಹೋಗಿ ಬಂದವನನ್ನು ಕೇಳುವಂತೆ ಕೇಳಿದರು.

"ಬಂದ್ಯಾ? ಕೈಕಾಲು ತೊಳ್ಕೊ, ತಟ್ಟೆ ಹಾಕ್ತೀನಿ."

ಯಾರೂ ಕಟ್ ಎನ್ನಲಿಲ್ಲ. ಕ್ಯಾಮೆರಾದ ಹಿಂದೆ ನಿಂತಿದ್ದವರ ಉಸಿರು ಇಳಿದದ್ದು ಕಿವಿಗೇ ಕೇಳಿಸಿತು, ಅದಕ್ಕೆ ಯಂತ್ರ ಬೇಕಿರಲಿಲ್ಲ. ಸಿಂಚನಮ್ಮ ನಿಜವಾಗಿಯೂ ತಟ್ಟೆ ಹಾಕಿ, ಅನ್ನ ಸಾರು ಬಡಿಸಿ, ಅವನು ಬೇಡ ಬೇಡವೆಂದರೂ ಇನ್ನೊಂದು ಸೌಟು ಸುರಿದರು. ಶಾಲ್ಮಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪ್ರಣೀತನೂ ಅತ್ತ ತಿರುಗಿ ಮೂಗೊರೆಸಿಕೊಂಡ, ಸುಳ್ಳೇಕೆ.

ಅವನು ಹೇಳಿದ ಹಾಗೆಯೇ ಆಯಿತು. ಜನ ಬಂದರು, ನೋಡಿದರು, ಮನೆಗೆ ಹೋದರು. ಎರಡನೆಯ ಸಲ ಯಾರೂ ಬರಲಿಲ್ಲ, ಹತ್ತನೆಯ ಭಾಗವನ್ನು ಯಾರೂ ಕೇಳಲಿಲ್ಲ. ಹಂಬಲಮಾಪಕಕ್ಕೆ ಗಿರಾಕಿಗಳ ಬರವೇನೂ ಇರಲಿಲ್ಲ: ಸುದ್ದಿ ವಾಹಿನಿಯವರು ಬಂದರು, ಅಂಗಡಿಯವರು ಬಂದರು, ಚುನಾವಣೆಯವರೂ ಬಂದರು. ಎಲ್ಲರದೂ ಒಂದೇ ಷರತ್ತು, ಎರಡನೆಯ ಮುಳ್ಳು ಕಿತ್ತುಹಾಕಿ ಕೊಡಿ ಎಂದು. ಶಾಲ್ಮಲಾ ಕೊಡಲಿಲ್ಲ. ಅವಳಿಗೆ ಈಗ ಬೇರೆಯೇ ಹುಳ ಕೊರೆಯುತ್ತಿತ್ತು. ಈ ಎರಡನೆಯ ಮುಳ್ಳು ಹಿಂದಿನವರಲ್ಲಿ ಎಷ್ಟು ಏರುತ್ತಿತ್ತು?

ಅದನ್ನು ತಿಳಿಯಲು ದಾರಿಯಿತ್ತು. ಎರಡು ಸಾವಿರದ ಇಪ್ಪತ್ತರ ದಶಕದ ಜನ ಮಣಿಕಟ್ಟಿಗೆ ಕಟ್ಟಿಕೊಳ್ಳುತ್ತಿದ್ದ ಗಡಿಯಾರಗಳು ಅವರ ನಾಡಿಯನ್ನೂ ಉಸಿರನ್ನೂ ದಾಖಲಿಸಿ ಇಟ್ಟಿದ್ದವು. ಆ ಹಳೆಯ ದಾಖಲೆಗಳನ್ನು ಯಂತ್ರಕ್ಕೆ ಉಣಿಸಿ, ಫಲಿತಾಂಶ ತೋರಿಸಲು ಅವಳು ಸಿಂಚನಮ್ಮನ ಮನೆಗೇ ಹೋದಳು. ಆ ಕಾಲದಲ್ಲಿ ಸಿಂಚನಮ್ಮ ಇನ್ನೂ ಮೂವತ್ತರ ಹರೆಯದ ಹೊಸ ನಟಿ.

"ನೋಡ್ರಿ ಅಮ್ಮಾ, ಮೊದಲನೇ ಮುಳ್ಳು ಬೆಳಗಿನಿಂದ ರಾತ್ರಿತನಕ ಮ್ಯಾಲೇ ಐತಿ. ಮಂದಿ ದಿನಾಪೂರ್ತಿ ಉಸಿರು ಹಿಡಕೊಂಡ ಇದ್ರು. ಎರಡನೇದು ಸಂಜೀ ಮುಂದ ಮನಿ ಮುಟ್ಟಿದಾಗ ಒಂಚೂರು ಏಳತೈತಿ. ಎದ್ದಿದ್ದ ತಡ, ಥಟ್ಟಂತ ಬೀಳತೈತಿ. ಎಲ್ಲಾರದೂ ಹಂಗ. ಬಾಗಿಲದಾಗ ಏನಾಗತಿತ್ರಿ?"

ಸಿಂಚನಮ್ಮ ಪರದೆಯ ಮೇಲೆ ಗೆರೆ ಥಟ್ಟನೆ ಬೀಳುವ ಜಾಗಕ್ಕೆ ಬೆರಳಿಟ್ಟರು. ಬೀದಿಯ ಹೆಸರು ಮರೆತವರಿಗೆ ಇದು ನೆನಪಿತ್ತು.

"ನಮ್ಮಮ್ಮ ಬಾಗಿಲು ತೆಗೆದು 'ಬಂದ್ಯಾ?' ಅನ್ನೋಳು," ಎಂದರು. "ಅಷ್ಟರಲ್ಲಿ ನನ್ನ ಕೈಲಿ ಫೋನ್ ಟಿಣ್ ಅನ್ನೋದು. ನಾನು ಅದನ್ನ ನೋಡ್ತಾ ನೋಡ್ತಾ ಒಳಗೆ ಹೋಗ್ಬಿಡ್ತಿದ್ದೆ. ಅಮ್ಮ ಬಾಗಿಲಲ್ಲೇ ನಿಂತಿರೋಳು."