ಆರಿಸಿಟ್ಟ ಮೀನು

ಚಿಕ್ಕಂದಿನಲ್ಲಿ ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿದರೆ ಉಪ್ಪು, ಐಸು, ಮೀನು ಮೂರೂ ಬೆರೆತ ಒಂದು ವಾಸನೆ ಬರುತ್ತಿತ್ತು. ಮಂಗಳೂರಿನ ದಕ್ಕೆಯಲ್ಲಿ, ಬೋಟುಗಳು ಬಂದು ನಿಲ್ಲುವ ಕಟ್ಟೆಯ ಮೇಲೆ ಕುಳಿತು, ಅಮ್ಮ ಮೀನನ್ನು ಜಾತಿ ಜಾತಿಯಾಗಿ ಆರಿಸುತ್ತಿದ್ದಳು. ಅಮ್ಮ ಈಗಿಲ್ಲ. ಹೊಸದುರ್ಗಕ್ಕೆ ವರ್ಗವಾಗಿ ಬಂದ ಮೇಲೆ ಪಿಎಸ್‌ಐ ರೋಜಾಗೆ ಆ ವಾಸನೆಯೂ ಮರೆತುಹೋಗಿತ್ತು. ಮಂಗಳವಾರ ಬೆಳಿಗ್ಗೆ ಆರೂವರೆಗೆ ಅದು ಠಾಣೆಯ ಬಾಗಿಲಿಗೇ ಬಂದು ನಿಂತಿತು.

ವಾಸನೆಯ ಜೊತೆ ರಾಜಕುಮಾರ್ ಇದ್ದ. ಮಂಗಳೂರಿನಿಂದ ಮೀನು ತಂದು ಮಾರುವವನು.

"ಚಾ ಕುಡಿಯಾಕೆ ಇಳಿದಿದ್ದೆ ಮೇಡಂ. ತಿರುಗಿ ನೋಡಿದ್ರೆ ಗಾಡಿನೇ ಇಲ್ಲ. ಮೀನೂ ಅದ್ರಾಗೇ ಐತೆ."

"ಕೀ?"

"ಗಾಡ್ಯಾಗೇ ಇತ್ತು."

"ಭಾರೀ ಒಳ್ಳೇದು ಮಾಡಿದೆ ಬಿಡಪ್ಪ," ಎಂದ ಹೆಡ್ ಕಾನ್‌ಸ್ಟೆಬಲ್ ಎರ್ರಿಸ್ವಾಮಿ. "ಕಳ್ಳಂಗೂ ಒಂದ್ ಚಾ ಹೇಳಿದ್ಯೋ ಇಲ್ವೋ?"

ಎಫ್‌ಐಆರ್ ದಾಖಲಾಯಿತು. ಹೊಳಲ್ಕೆರೆ, ಹಿರಿಯೂರು ಠಾಣೆಗಳಿಗೆ ಗಾಡಿಯ ನಂಬರು ಹೋಯಿತು. ಅದರ ಅಗತ್ಯವೇ ಬೀಳಲಿಲ್ಲ. ಒಂಬತ್ತರ ಹೊತ್ತಿಗೆ ಕುರಿ ಕಾಯುವ ಬೋರಣ್ಣ ಫೋನ್ ಮಾಡಿದ. ಊರಾಚೆಯ ತೆಂಗಿನ ತೋಟದಲ್ಲಿ ಗಾಡಿಯೊಂದು ನಿಂತಿದೆ. "ನಮ್ಮ ಕುರಿ ಮುಂದಕ್ಕೇ ಹೋಗ್ತಿಲ್ಲ ಸಾರ್, ಅದೇನ್ ನಾತ ಅಂತೀರಿ!"

ಬೋರಣ್ಣ ಮತ್ತು ತೋಟದ ಮಾಲೀಕರನ್ನು ಪಂಚರನ್ನಾಗಿ ಮಾಡಿಕೊಂಡು ಪಂಚನಾಮೆ ಶುರುವಾಯಿತು. ಹಿಂಬಾಗಿಲು ತೆರೆದ ರಾಜಕುಮಾರ್ ಬಾಯಿ ಬಿಟ್ಟುಕೊಂಡು ನಿಂತ.

"ಎಷ್ಟು ಹೋಗಿದೆ?"

"ಒಂದೂ ಹೋಗಿಲ್ಲ ಮೇಡಂ. ಆದ್ರೆ ನಾನು ಎಲ್ಲಾ ಕಲೆಸಿ ತುಂಬ್ಕಂಡ್ ಬಂದಿದ್ದೆ..."

ಈಗ ಬೂತಾಯಿ ಒಂದು ಕ್ರೇಟಿನಲ್ಲಿ, ಬಂಗುಡೆ ಇನ್ನೊಂದರಲ್ಲಿ, ಸಿಗಡಿ ಬೇರೆಯೇ. ಮೀನಿನ ತಲೆಗಳೆಲ್ಲ ಒಂದೇ ಕಡೆಗೆ. ಮೇಲೆ ಐಸು, ಐಸಿನ ಮೇಲೆ ಒದ್ದೆ ಗೋಣಿ.

"ಕಳ್ಳ ಅಲ್ಲ ಮೇಡಂ, ಯಾರೋ ಹೊಸ ಸೊಸೆ ಇರ್ಬೇಕು," ಎಂದ ಎರ್ರಿಸ್ವಾಮಿ.

ರೋಜಾ ನಗಲಿಲ್ಲ. ಮಲಗಿದ ಮಗುವಿಗೆ ಹೊದಿಸಿದಂತೆ ಗೋಣಿಯ ಅಂಚನ್ನು ಒಳಕ್ಕೆ ಮಡಚಿ ಸಿಕ್ಕಿಸಿದ್ದರು. ಅಮ್ಮನೂ ಹಾಗೆಯೇ ಮಾಡುತ್ತಿದ್ದಳು.

"ಈ ಕಡೆ ಮಂಗಳೂರಲ್ಲಿ ದುಡಿದು ಬಂದವರು ಯಾರಿದ್ದಾರೆ?"

ಬೋರಣ್ಣ ತಲೆ ಕೆರೆದುಕೊಂಡ. "ನಮ್ ತಿಮ್ಮರಾಯಪ್ಪ ಅವ್ನೆ. ಅಲ್ಲಿ ಟೆಂಪೋ ಓಡಿಸ್ತಿದ್ದ. ಹೆಂಡ್ತಿ ಈರಕ್ಕ ದಕ್ಕೆಯಾಗೆ ಮೀನು ಆರಿಸ್ತಿದ್ಲು." ಆಮೇಲೆ, ಹೇಳಬಾರದಿತ್ತೇನೋ ಎಂಬಂತೆ, "ಒಳ್ಳೆ ಮನುಷ್ಯ ಮೇಡಂ," ಎಂದ.

ತೋಟದ ಹಿಂದೆಯೇ ಮನೆ. ಜೀಪು ಕಂಡು ತಿಮ್ಮರಾಯಪ್ಪ ಓಡಲಿಲ್ಲ, ಎದ್ದು ನಿಂತ. ಒಳಗೆ ಚಾಪೆಯ ಮೇಲೆ ಈರಕ್ಕ ನಿದ್ದೆ ಹೋಗಿದ್ದಳು. ಮೊಣಕೈವರೆಗೂ ಮೀನಿನ ಹುರುಪೆ ಹೊಳೆಯುತ್ತಿತ್ತು.

"ಗಾಡಿ ತಂದಿದ್ದು ಯಾರು?"

"ನಾನೇ ತಾಯಿ. ವಾಪಸ್ ಬಿಡೋನಿದ್ದೆ. ಅಷ್ಟ್ರಾಗೆ ಇವ್ಳು ಮಲಗಿದ್ಲು. ಒಬ್ಳನ್ನೇ ಬಿಟ್ಟು ಹೋಗಂಗಿಲ್ಲ."

"ಯಾಕೆ?"

"ಮರೆವು. ಬೆಳಗಾದ್ರೆ, ಬೋಟು ಬಂದ್ವು, ತಡ ಆಯ್ತು ಅಂತ ರೋಡಿಗೆ ಓಡ್ತಾಳೆ. ಮೊನ್ನೆ ಲಾರಿ ಅಡಿಗೆ ಹೋಗ್ತಿದ್ಲು. ಆರಿಸು ಅಂತ ಹುಣಸೆಬೀಜ ಕೊಟ್ಟೆ, ಅವರೆಕಾಯಿ ಕೊಟ್ಟೆ. ಇದು ಮೀನಲ್ಲ ಅಂತ ಎಸೀತಾಳೆ. ಇವತ್ತು ಕುಂತು ಎಲ್ಲಾ ಆರಿಸಿದ್ಲು. 'ನಾಳೆ ರಜಾ ಹಾಕ್ತೀನಿ' ಅಂದ್ಲು. ಬಂದು ಮಲಗಿದ್ಲು."

"ಮೀನಿನವನನ್ನೇ ಕೇಳಬಹುದಿತ್ತಲ್ಲ?"

"ಏನಂತ ಕೇಳ್ಲಿ? ನನ್ ಹೆಂಡ್ತಿ ಕೆಲ್ಸಕ್ಕೆ ಹೋಗ್ಬೇಕಂತೆ, ಒಂದ್ ಗಳಿಗೆ ನಿನ್ ಮೀನು ಕೊಡಪ್ಪ ಅಂತಾನಾ?"

ಎರ್ರಿಸ್ವಾಮಿ ಟೋಪಿ ತೆಗೆದು, ಸುಮ್ಮನೆ ಅದರ ಒಳಗನ್ನು ಒರೆಸಿದ.

ದಸ್ತಗಿರಿ ಪತ್ರಕ್ಕೆ ಸಹಿ ಹಾಕುತ್ತಾ ತಿಮ್ಮರಾಯಪ್ಪ ಕೇಳಿದ, "ನಾಳೆ ಬೆಳಗಿನ ಹೊತ್ತಿಗೆ ಬಿಡ್ತೀರಾ ತಾಯಿ? ಇವ್ಳು ಏಳೋ ಹೊತ್ತಿಗೆ?"

ಅದು ಕೋರ್ಟಿಗೆ ಸೇರಿದ್ದು. ರೋಜಾ ಒಳಗೆ ಮಲಗಿದ್ದವಳ ಕಡೆ ನೋಡಿದಳು. ಜೀಪಿನಲ್ಲಿ ಜೊತೆಗೆ ಬಂದಿದ್ದ ಮಹಿಳಾ ಕಾನ್‌ಸ್ಟೆಬಲ್ ಉಚ್ಚಂಗೆಮ್ಮ ತಾನಾಗಿಯೇ ಅಂದಳು, "ನಾನು ಇಲ್ಲೇ ಇರ್ತೀನಿ ಯಜಮಾನ್ರೇ. ಹೋಗ್ಬರ್ರಿ."

ಸದ್ದಿಗೆ ಈರಕ್ಕ ಕಣ್ಣು ಬಿಟ್ಟಳು. ರೋಜಾಳನ್ನೇ ನೋಡಿದಳು.

"ಬಂದ್ಯಾ ಮಗಾ? ನಿಮ್ಮವ್ವ ಇನ್ನೂ ದಕ್ಕೆಯಾಗೇ ಅವ್ಳಾ?"

"ಹೂಂ ಅಜ್ಜಿ," ಎಂದಳು ರೋಜಾ. "ಬರ್ತಾಳೆ."

ಸಂಜೆ ಠಾಣೆಯಲ್ಲಿ ಕೇಸ್ ಡೈರಿ ಬರೆಯುವಾಗ, ಕೃತ್ಯಕ್ಕೆ ಕಾರಣ ಎಂಬಲ್ಲಿ ಅವಳ ಪೆನ್ನು ಬಹಳ ಹೊತ್ತು ನಿಂತಿತು. ಕೊನೆಗೆ ಬರೆದಳು: ಹೆಂಡತಿಯನ್ನು ಕೆಲಸಕ್ಕೆ ಕರೆದುಕೊಂಡು ಹೋಗಲು.

ತಲೆಯೆತ್ತಿದರೆ ರಾಜಕುಮಾರ್ ನಿಂತಿದ್ದ.

"ಎರ್ರಿಸ್ವಾಮಿಯವ್ರು ಎಲ್ಲಾ ಹೇಳಿದ್ರು. ಜಾಮೀನಿಗೆ ನಂದೇನೂ ತಕರಾರಿಲ್ಲ ಮೇಡಂ. ನಾಳೆ ನಮ್ಮಣ್ಣನ ಗಾಡಿ ಬರ್ತೈತೆ. ಮೀನು ಆರಿಸ್ದೆ ಕಲೆಸ್ಕಂಡೇ ತಾ ಅಂದೀನಿ. ಮೊದ್ಲು ಆ ಅಜ್ಜಿ ಮನೆ, ಆಮೇಲೆ ಸಂತೆ."

ಬೆನ್ನ ಹಿಂದೆ ಹಿಡಿದಿದ್ದ ಬಾಳೆಲೆಯ ಪೊಟ್ಟಣವನ್ನು ಮುಂದೆ ತಂದ. ಬಿಸಿ ಅನ್ನ, ಹುರಿದ ಬೂತಾಯಿ. ಬೆಂಚಿನ ಮೇಲೆ ಕುಳಿತಿದ್ದ ತಿಮ್ಮರಾಯಪ್ಪನ ಕೈಗೆ ಅದನ್ನಿಟ್ಟು ಹೊರಟುಹೋದ.