ಕಾಫಿಗೆ ಎರಡು ಕೈ

ವಾರ್ಡ್ ಸಮಿತಿಯ ಮೊದಲ ಸಭೆಯಲ್ಲಿ ಆದ ಮೊದಲ ತೀರ್ಮಾನ, ಟೀ ತರಿಸಬೇಕೋ ಕಾಫಿ ತರಿಸಬೇಕೋ ಎಂಬುದು.

ಹಿರಿಯೂರಿನ ಆ ವಾರ್ಡಿನ ಕೌನ್ಸಿಲರ್ ಶ್ರೀನಿವಾಸ್ ಅವರಿಗೆ ಜನರ ಕೈ ಎತ್ತಿಸುವುದೆಂದರೆ ಬಲು ಇಷ್ಟ. ಫ್ಯಾನ್ ಹಾಕಬೇಕೇ, ಕೈ ಎತ್ತಿ. ಸಭೆ ಭಾನುವಾರವೇ ಇರಲೇ, ಕೈ ಎತ್ತಿ. ಸರ್ಕಾರಿ ಶಾಲೆಯ ಮೂರನೇ ತರಗತಿಯ ಕೊಠಡಿ, ಮಕ್ಕಳ ಪುಟ್ಟ ಬೆಂಚುಗಳು, ಮೊಣಕಾಲು ಎಲ್ಲಿಡಬೇಕೆಂದು ತಿಳಿಯದೆ ಕೂತ ಹತ್ತು ಜನ ಸದಸ್ಯರು. ಎಲ್ಲರೂ ಹೊಸದಾಗಿ ಶಾಲೆಗೆ ಸೇರಿದವರಂತೆ ಕೈ ಎತ್ತಿ ಇಳಿಸುತ್ತಿದ್ದರು.

"ಟೀಗೆ ಯಾರ್ಯಾರು?"

ಎಂಟು ಕೈ.

"ಕಾಫಿಗೆ?"

ಮಾರುತೇಶ್ ಕೈ ಎತ್ತಿದ. ತಾನೊಬ್ಬನೇ ಇರಬೇಕೆಂದು ಮುಜುಗರದಿಂದ ಪಕ್ಕಕ್ಕೆ ನೋಡಿದರೆ, ಕಿಟಕಿ ಕಡೆಯ ಬೆಂಚಿನಲ್ಲಿ ಇನ್ನೊಂದು ಕೈ ಮೇಲೆದ್ದಿತ್ತು. ಹಸಿರು ಗಾಜಿನ ಬಳೆಗಳು ಮೊಣಕೈ ಕಡೆಗೆ ಜಾರಿ ನಿಂತಿದ್ದವು. ಆ ಬಳೆಯವಳು ಇವನನ್ನು ನೋಡಿ, ಸದ್ಯ ಒಬ್ಬರಾದರೂ ಸಿಕ್ಕಿದಿರಲ್ಲ ಎನ್ನುವಂತೆ ಹುಬ್ಬು ಹಾರಿಸಿದಳು.

"ಮೆಜಾರಿಟಿ ಟೀಗೈತೆ," ಎಂದರು ಶ್ರೀನಿವಾಸ್. ಇಬ್ಬರೂ ಸುಮ್ಮನೆ ಟೀ ಕುಡಿದರು. ಸಕ್ಕರೆ ವಿಪರೀತ ಇತ್ತು.

ಸಭೆ ಮುಗಿದು ಶಾಲೆಯ ಗೇಟಿನ ಹತ್ತಿರ ಅವಳೇ ಮಾತಾಡಿಸಿದಳು. "ನೀವು ಕಾಫಿ ಪಾರ್ಟಿಯವ್ರಲ್ವಾ?"

"ಹೂಂರಿ. ಸೋತೋದ್ವಿ."

"ಇನ್ನೊಂದೆರಡು ಎಲೆಕ್ಷನ್ ತಡ್ಕಳ್ರಿ. ನಮಗೂ ಕಾಲ ಬರ್ತೈತೆ."

"ಅಲ್ಲೀಗಂಟ ನೀವು ಪಾರ್ಟಿ ಬಿಟ್ಟು ಹೋಗಬಾರ್ದು ಮತ್ತೆ."

"ಬಿಡಲ್ಲ ಬಿಡ್ರಿ," ಎಂದು ನಕ್ಕು ಅವಳು ಸ್ಕೂಟಿ ಸ್ಟಾರ್ಟ್ ಮಾಡಿದಳು. ತನ್ನ ಮೋಟಾರು ರಿಪೇರಿ ಅಂಗಡಿಗೆ ಬಂದ ಮಾರುತೇಶ್ ಅಂದು ಒಂದು ಮೋಟಾರಿನ ತಾಮ್ರದ ತಂತಿಯ ವೈಂಡಿಂಗನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ತಪ್ಪು ಎಲ್ಲಾಗುತ್ತಿದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವಳ ಹೆಸರು ರೇಣುಕಾ. ಸಹಕಾರ ಬ್ಯಾಂಕಿನ ಕೌಂಟರಿನಲ್ಲಿ ಕೆಲಸ, ಮಠದ ಬೀದಿಯಲ್ಲಿ ಮನೆ. ಅವನು ಹಳ್ಳದ ಆಚೆಯ ಹೊಸಹಟ್ಟಿಯವನು. ಆ ಕಡೆಯಿಂದ ಐದು ಜನ, ಈ ಕಡೆಯಿಂದ ಐದು ಜನ ಎಂದು ಶ್ರೀನಿವಾಸ್ ಅವರೇ ಅಳೆದು ತೂಗಿ ಸಮಿತಿ ಮಾಡಿದ್ದರು. ನಡುವೆ ಒಂದು ಹಳ್ಳ, ಹಳ್ಳಕ್ಕೊಂದು ಕಿರುಸೇತುವೆ. ಮಠದ ಬೀದಿಯವರು ಅಂಗಡಿ, ವ್ಯಾಪಾರ ಇಟ್ಟುಕೊಂಡವರು. ಹಟ್ಟಿಯವರು ಕೂಲಿಗೆ, ಗ್ಯಾರೇಜಿಗೆ, ಈಚೆಗೆ ನೌಕರಿಗೆ ಹೋಗುವವರು. ಹಾಲು, ಸೊಪ್ಪು, ಮನೆಗೆಲಸ ಎಲ್ಲವೂ ಆ ಸೇತುವೆ ದಾಟುತ್ತಿದ್ದವು. ಮದುವೆ ಮಾತ್ರ ಇದುವರೆಗೆ ದಾಟಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ವಾರ್ಡಿಗೆ ಒಂದು ಕ್ಲಿನಿಕ್ ಮಂಜೂರಾಯಿತು. ಒಬ್ಬ ಡಾಕ್ಟರು, ಒಬ್ಬ ನರ್ಸು, ಬಿಪಿ ಶುಗರ್‌ಗೆ ಪುಕ್ಕಟೆ ಮಾತ್ರೆ. ಜಾಗವನ್ನು ಸಮಿತಿಯೇ ಆರಿಸಬೇಕು. ಮಠದ ಬೀದಿಯ ಹಳೇ ಛತ್ರವೋ, ಹಟ್ಟಿಯ ಮಾರಮ್ಮನ ಗುಡಿ ಪಕ್ಕದ ಬಯಲೋ? ಮೊದಲು ಮನೆಮನೆಗೂ ಹೋಗಿ ಕಷ್ಟಸುಖ ಕೇಳಿಕೊಂಡು ಬನ್ನಿ, ಆಮೇಲೆ ಕೈ ಎತ್ತೋಣ ಎಂದರು ಶ್ರೀನಿವಾಸ್. ಸುತ್ತಾಡಲು ಕಾಲು ಗಟ್ಟಿಯಿದ್ದವರು ಇಬ್ಬರೇ. ಹೀಗೆ ಕೌನ್ಸಿಲರ್ ಸಾಹೇಬರೇ ತಿಳಿಯದೆ ಮಾಡಿದ ಪುಣ್ಯದ ಕೆಲಸದಿಂದ ಅವರಿಬ್ಬರೂ ಜೊತೆಯಾಗಿ ನಡೆಯುವಂತಾಯಿತು.

ಮೊದಲು ಹಟ್ಟಿ. ಮಾರುತೇಶನ ಮನೆ ಬಂದಾಗ ಅವನ ನಡಿಗೆ ನಿಧಾನವಾಯಿತು.

"ಇದು ಬಿಡ್ರಿ, ನಮ್ಮನೇನೇ. ನಂಗೆ ಗೊತ್ತಿರೋದೇ ಐತಲ್ಲ."

"ಸಮಿತಿ ಅಂದ್ಮೇಲೆ ಎಲ್ಲಾ ಮನೇನೂ ನೋಡ್ಬೇಕಪ್ಪ," ಎಂದು ಅವಳು ಚಪ್ಪಲಿ ಬಿಟ್ಟು ಒಳಗೇ ಹೋಗಿಬಿಟ್ಟಳು.

ಅವನ ತಾಯಿ ನಿಂಗಕ್ಕ ಗೋಡೆಗೊರಗಿ ಕೂತಿದ್ದಳು. ಶುಗರ್‌ನಿಂದಾಗಿ ಅವಳ ಎಡಗಾಲಿನ ಗಾಯ ಮಾಯುತ್ತಲೇ ಇರಲಿಲ್ಲ. ಬ್ಯಾಂಡೇಜು ಬದಲಿಸಲು ಸೇತುವೆ ದಾಟಿ, ಆಟೋ ಹಿಡಿದು ದೊಡ್ಡಾಸ್ಪತ್ರೆಗೆ ಹೋಗಬೇಕು. ಹಳ್ಳ ಬಂದರೆ ಅದೂ ಇಲ್ಲ. ರೇಣುಕಾ ನೆಲದ ಮೇಲೆ ಕೂತು ಗಾಯ ನೋಡಿದಳು. ನಿಂಗಕ್ಕ ಮಜ್ಜಿಗೆ ಲೋಟ ಚಾಚಿ, ಅರ್ಧಕ್ಕೇ ಕೈ ಹಿಂದಕ್ಕೆಳೆದು, "ನೀವು ಕುಡೀತೀರೋ ಇಲ್ವೋ ತಾಯಿ," ಎಂದಳು. ರೇಣುಕಾ ಲೋಟ ತೆಗೆದುಕೊಂಡು ಒಂದೇ ಉಸಿರಿಗೆ ಕುಡಿದು, "ಉಪ್ಪು ಹದವಾಗೈತೆ ಕಣಮ್ಮ, ಇನ್ನೊಂದ್ಲೋಟ ಕೊಡ್ರಿ," ಎಂದಳು. ಮಾರುತೇಶ್ ಬಾಗಿಲಲ್ಲೇ ನಿಂತು ನೋಡುತ್ತಿದ್ದ. ಅಷ್ಟು ಹೊತ್ತೂ ಅವಳು ಅವನ ಕಡೆ ಒಮ್ಮೆಯೂ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ ಎಂಬುದು ಅವಳ ಕೆಂಪೇರಿದ ಕೆನ್ನೆಯಲ್ಲಿ ತಿಳಿಯುತ್ತಿತ್ತು.

ಮರುವಾರ ಮಠದ ಬೀದಿ. ರೇಣುಕಾಳ ಮನೆ ಮುಂದೆ ಒಂದು ಆಟೋ ನಿಂತಿತ್ತು. ಅವಳ ತಂದೆ ಜಂಬಣ್ಣನವರಿಗೆ ಹಿಂದೆಯೇ ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿತ್ತು. ಆಟೋ ಡ್ರೈವರ್ ಕಾಲು ಹಿಡಿದಿದ್ದ, ಅವಳು ಕಂಕುಳಿಗೆ ಕೈ ಕೊಟ್ಟು ಎತ್ತುತ್ತಿದ್ದಳು. ಮಾರುತೇಶ್ ಓಡಿಹೋಗಿ ಆ ಭಾರವನ್ನು ತಾನು ತೆಗೆದುಕೊಂಡ. ಜಂಬಣ್ಣನವರು ಅರ್ಧ ಬಾಯಿಯಲ್ಲಿ ಏನೋ ಅಂದರು. ಆ ಮಾತು ರೇಣುಕಾಳಿಗೊಬ್ಬಳಿಗೇ ಅರ್ಥವಾಯಿತು.

"ಏನಂದ್ರು?"

"ಯಾರ ಮಗ ಅಂತ ಕೇಳಿದ್ರು. ಒಳ್ಳೇರ ಮಗ ಅಂದೆ."

ಆಸ್ಪತ್ರೆಯಿಂದ ವಾಪಸ್ ಕರೆತಂದು ಇಳಿಸಿದ ಮೇಲೆ ಅವನು ಹೊರಗಿನ ಕಟ್ಟೆಯಲ್ಲಿ ಕೂತ. ಅವಳ ಅಮ್ಮ ಕಮಲಮ್ಮ ಕಾಫಿ ಕಳಿಸಿದರು. ಒಳಗೆ ಕೂತಿದ್ದ ಚಿಕ್ಕಪ್ಪ ರವೀಂದ್ರನಿಗೆ ಸ್ಟೀಲ್ ಲೋಟದಲ್ಲಿ, ಇವನಿಗೆ ಪೇಪರ್ ಕಪ್ಪಿನಲ್ಲಿ. ಮಾರುತೇಶನಿಗೆ ಅದೇನೂ ಹೊಸದಲ್ಲ, ಸುಮ್ಮನೆ ಕೈ ಚಾಚಿದ. ರೇಣುಕಾ ಕಪ್ಪನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲೂ ಒಂದು ಪೇಪರ್ ಕಪ್ಪಿತ್ತು. ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತಳು.

"ಇವತ್ತು ನಮ್ ಪಾರ್ಟಿಗೇ ಫುಲ್ ಮೆಜಾರಿಟಿ," ಎಂದಳು ಮೆಲ್ಲಗೆ.

ಅವಳ ಕಣ್ಣು ತುಂಬಿತ್ತು. ಕಾಫಿಯ ಹಬೆಗೆ ಎಂದು ಇಬ್ಬರೂ ನಂಬಿದಂತೆ ನಟಿಸಿದರು. ಮಾರುತೇಶನ ಮನಸ್ಸು ಅಂದೇ ಪೂರ್ತಿ ಕೈಬಿಟ್ಟು ಹೋಯಿತು. ಹೋದದ್ದು ಒಳ್ಳೆಯದಕ್ಕಲ್ಲ ಎಂಬುದೂ ಅವನಿಗೆ ಅಂದೇ ಗೊತ್ತಿತ್ತು.

ಜಾಗ ತೀರ್ಮಾನಿಸುವ ಸಭೆಯ ಹಿಂದಿನ ಸಂಜೆ ಸೇತುವೆ ಮೇಲೆ ಸಿಕ್ಕಾಗಲೂ ಅವರು ಮನಸ್ಸಿನ ಮಾತು ಆಡಲಿಲ್ಲ, ಕಾಲೆಳೆದುಕೊಂಡರು.

"ನಾಳೆ ನಿಮ್ ಹಟ್ಟೀನ ಸೋಲಿಸ್ತೀವಿ ನೋಡ್ತಿರು," ಎಂದಳು ಅವಳು. ಬಹುವಚನ ಯಾವಾಗಲೋ ಬಿದ್ದುಹೋಗಿತ್ತು.

"ನೋಡಾಣ, ಯಾರು ಯಾರನ್ನ ಸೋಲಿಸ್ತಾರೆ ಅಂತ."

"ಸೋತ್ರೆ ಬೇಜಾರ್ ಮಾಡ್ಕಬಾರ್ದು."

"ನೀನು ಗೆದ್ರೆ ನಂಗ್ಯಾಕೆ ಬೇಜಾರು," ಎಂದು ಅವನು ಹಳ್ಳದ ಕಡೆ ನೋಡಿದ. ಅವಳು ಏನೋ ಹೇಳಲು ಹೋಗಿ, ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಮರುದಿನ ಆ ಪುಟ್ಟ ಬೆಂಚುಗಳಲ್ಲಿ ನಗು ಇರಲಿಲ್ಲ. ಹಟ್ಟಿಯ ಹಿರಿಯ ಜುಂಜಣ್ಣ ಟವೆಲ್ ಬಿಗಿದುಕೊಂಡು ಕೂತಿದ್ದ. ಮಠದ ಬೀದಿಯ ಕಡೆ ರವೀಂದ್ರ. ಹೊರಗೆ ಎರಡೂ ಕಡೆಯ ಜನ ಕಿಟಕಿ ಸರಳು ಹಿಡಿದು ನಿಂತಿದ್ದರು.

"ಹಟ್ಟಿ ಜಾಗಕ್ಕೆ ಯಾರ್ಯಾರು? ಕೈ ಎತ್ರಿ."

ಜುಂಜಣ್ಣನ ಕೈ ಮೊದಲು ಎದ್ದಿತು. ಅವನ ಪಕ್ಕದ ಮೂವರದು. ಮಾರುತೇಶನ ಕೈ ತೊಡೆಯ ಮೇಲೇ ಇತ್ತು. ಜಂಬಣ್ಣನವರನ್ನು ಎತ್ತಿದಾಗಿನ ಭಾರ ಅವನ ತೋಳಿನಲ್ಲಿ ಇನ್ನೂ ಇತ್ತು, ದಿನಾ ಅದನ್ನು ಎತ್ತುವವಳ ತೋಳು ಎಷ್ಟು ಸಣ್ಣದು ಎಂಬುದೂ ನೆನಪಿತ್ತು. ಅಷ್ಟರಲ್ಲಿ ಕಿಟಕಿ ಕಡೆಯಿಂದ ಬಳೆಯ ಸದ್ದಾಯಿತು. ರೇಣುಕಾ ಕೈ ಎತ್ತಿದ್ದಳು.

"ರೇಣುಕಾ, ಇದು ಹಟ್ಟಿಗೆ ಕೇಳ್ತಿರೋದು," ಎಂದ ರವೀಂದ್ರ.

"ಗೊತ್ತೈತೆ ಚಿಕ್ಕಪ್ಪ."

"ಐದು," ಎಂದು ಎಣಿಸಿದರು ಶ್ರೀನಿವಾಸ್. "ಮಠದ ಬೀದಿಗೆ?"

ಆ ಕಡೆಯ ನಾಲ್ಕು ಕೈ ಎದ್ದವು. ಈಗಲಾದರೂ ಮಾರುತೇಶ್ ಸುಮ್ಮನಿದ್ದಿದ್ದರೆ ಹಟ್ಟಿ ಗೆಲ್ಲುತ್ತಿತ್ತು. ಕ್ಲಿನಿಕ್ ಅವನ ಅವ್ವನ ಮನೆ ಮುಂದೆಯೇ ಬರುತ್ತಿತ್ತು. ಆದರೆ ಅವಳೊಬ್ಬಳನ್ನೇ ಅವಳ ಜನರ ಎದುರು ಹಾಗೆ ನಿಲ್ಲಿಸಿ ತಾನು ಗೆಲ್ಲುವುದು ಅವನಿಂದಾಗಲಿಲ್ಲ. ಅವನ ಕೈ ಮೇಲೆ ಹೋಯಿತು.

"ಲೇ ಮಾರುತೇಶ, ಕೈ ಇಳಿಸಲೇ. ನಮ್ದು ಆಗೋಯ್ತು," ಎಂದ ಜುಂಜಣ್ಣ, ಹುಡುಗ ತಪ್ಪು ತಿಳಿದುಕೊಂಡಿದ್ದಾನೆಂದು. ಆಮೇಲೆ ಕಿಟಕಿ ಕಡೆ ನೋಡಿದ. ಎಲ್ಲರೂ ನೋಡಿದರು. ರೇಣುಕಾ ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡಿದ್ದಳು.

"ಐದು, ಐದು," ಎಂದರು ಶ್ರೀನಿವಾಸ್, ತಲೆ ಎತ್ತದೆ.

ಅವರಿಬ್ಬರೂ ತಮ್ಮ ತಮ್ಮ ಬೀದಿಗೇ ಕೈ ಎತ್ತಿದ್ದರೂ ಲೆಕ್ಕ ಅಷ್ಟೇ ಬರುತ್ತಿತ್ತು. ಊರಿಗೆ ಹೇಳದೆ ಮುಚ್ಚಿಟ್ಟುಕೊಂಡಿದ್ದ ಒಂದೇ ಒಂದು ವಿಷಯ ಮಾತ್ರ ಹೊರಗೆ ಬಿತ್ತು.

ಸಮವಾದಾಗ ಅಧ್ಯಕ್ಷರ ಮತವೇ ಕೊನೆಯದು. ಮುಂದಿನ ಎಲೆಕ್ಷನ್ನಿನಲ್ಲಿ ಎರಡೂ ಬೀದಿ ಬೇಕಿದ್ದ ಶ್ರೀನಿವಾಸ್ ಅದನ್ನು ಹಾಕಲಿಲ್ಲ, ಮುಂದಕ್ಕೆ ಹಾಕಿದರು. ಮುಂದಕ್ಕೆ ಹಾಕಿದ ಕ್ಲಿನಿಕ್ಕು, ಜಗಳವಿಲ್ಲದೆ ಜಾಗ ತೋರಿಸಿದ ಇನ್ನೊಂದು ವಾರ್ಡಿಗೆ ಹೋಯಿತು. ಅಲ್ಲಿಯವರೆಗೆ ಯಾವುದಕ್ಕೂ ಒಪ್ಪದಿದ್ದ ಮಠದ ಬೀದಿ ಮತ್ತು ಹೊಸಹಟ್ಟಿ, ತಪ್ಪು ಇವರಿಬ್ಬರದೇ ಎಂಬುದಕ್ಕೆ ಮಾತ್ರ ಚೆನ್ನಾಗಿ ಒಪ್ಪಿಕೊಂಡವು.

ನಿಂಗಕ್ಕ ಬೈಯಲಿಲ್ಲ. ಬ್ಯಾಂಡೇಜು ಬಿಚ್ಚುತ್ತಾ, "ಈ ಕಾಲು ನೋಡಾದ್ರೂ ನಿಂಗೆ ನೆನಪಾಗ್ಲಿಲ್ವೇನೋ ಮಗ?" ಎಂದು ಕೇಳಿದಳು. ಮಾರುತೇಶನ ಬದಲು ಆ ಕಾಲನ್ನು ನೆನಪಿಟ್ಟುಕೊಂಡವಳು ಸೇತುವೆಯ ಆಚೆ ಇದ್ದಳು. ಅದನ್ನು ಅವ್ವನಿಗೆ ಹೇಗೆ ಹೇಳುವುದು?

ಕೆಲವು ವಾರ ಅವಳು ಕಾಣಿಸಲಿಲ್ಲ. ಒಂದು ಮಧ್ಯಾಹ್ನ ಫೋನ್ ಮಾಡಿ ಸೇತುವೆ ಹತ್ತಿರ ಬಾ ಎಂದಳು. ಬಿಸಿಲು ಚುರುಗುಟ್ಟುತ್ತಿತ್ತು, ಹಳ್ಳದಲ್ಲಿ ನೀರಿಲ್ಲ, ಎರಡು ಎಮ್ಮೆ ಕೆಸರಿನಲ್ಲಿ ಬಿದ್ದುಕೊಂಡಿದ್ದವು. ಅವಳ ಮುಖ ಸೊರಗಿತ್ತು.

"ಯಾಕೆ ಎತ್ತಿದೆ ನೀನು?" ಎಂದಳು ಬಂದವಳೇ.

"ನೀನ್ಯಾಕೆ ಎತ್ತಿದೆ?"

"ನಿಮ್ಮವ್ವನ ಕಾಲು ನೋಡಿದ್ನಲ್ಲ."

"ನಾನೂ ನಿಮ್ಮಪ್ಪನ್ನ ಎತ್ತಿದ್ನಲ್ಲ."

"ಅಷ್ಟೇನಾ?"

"ಅಷ್ಟೇ ಅಲ್ಲ," ಎಂದ ಮಾರುತೇಶ್. "ನೀನಂದ್ರೆ ಇಷ್ಟ. ಆವತ್ತು ಕಾಫಿಗೆ ಕೈ ಎತ್ತಿದಾಗ್ಲಿಂದ."

"ನಂಗೂ," ಎಂದಳು. ಇಷ್ಟು ದಿನ ಕಾದ ಮಾತು ಇಷ್ಟು ಸುಲಭವಾಗಿ ಬಂತಲ್ಲ ಎಂದು ಇಬ್ಬರಿಗೂ ನಗು ಬಂತು. ಒಂದು ಕ್ಷಣ ಅವರು ಬರೀ ಸುಖವಾಗಿರುವ ಇಬ್ಬರಾಗಿದ್ದರು. ಆಮೇಲೆ ಅವಳು, "ಭರಮಸಾಗರದಲ್ಲಿ ಗಂಡು ನೋಡ್ಯಾರೆ. ಬಟ್ಟೆ ಅಂಗಡಿ ಐತಂತೆ. ಹೂಂ ಅಂದೀನಿ," ಎಂದಳು.

"ಹೋಗಾಣ ಬಾ ರೇಣು. ದುರ್ಗಕ್ಕೆ ಹೋಗಿ ರಿಜಿಸ್ಟರ್ ಆಗಾಣ. ಅಲ್ಲೇ ಒಂದು ಅಂಗಡಿ ಹಾಕ್ತೀನಿ."

"ನಾನೂ ಎಲ್ಲಾ ಯೋಚ್ನೆ ಮಾಡ್ದೆ. ಭರಮಸಾಗರಕ್ಕೆ ಹೋದ್ರೆ ಅಪ್ಪನ್ನ ತಾನೇ ನೋಡ್ಕಳ್ತೀನಿ ಅಂದಾನೆ ಚಿಕ್ಕಪ್ಪ. ನಿನ್ ಜತೆ ಬಂದ್ರೆ ಅಪ್ಪ ಸತ್ರೂ ಬಾಗ್ಲಿಗೆ ಬರಲ್ಲ ಅಂದಾನೆ. ಅಮ್ಮನ ಕೈಲಿ ಅಪ್ಪನ್ನ ಎತ್ತಾಕಾಗಲ್ಲ ಮಾರುತೇಶ್."

"ನಾನ್ ಎತ್ತುತ್ತೀನಿ."

"ನಿನ್ನ ಒಳಗೆ ಬಿಟ್ರೆ ತಾನೆ?"

ಅವನಿಗೆ ಪೇಪರ್ ಕಪ್ಪು ನೆನಪಾಯಿತು.

"ಇನ್ನೊಂದು ಕೇಳ್ತೀನಿ, ಇಲ್ಲ ಅನ್ಬೇಡ," ಎಂದಳು. "ಭಾನುವಾರ ನನ್ನ ರಾಜೀನಾಮೆ ಬರ್ತೈತೆ. ಒಪ್ಪಿಗೆಗೆ ಕೈ ಎತ್ತು ಅಂತಾರೆ. ನೀನು ಎತ್ಬೇಕು."

"ಅದೊಂದು ನನ್ ಕೈಲಾಗಲ್ಲ."

"ನೀನೊಬ್ನೇ ಸುಮ್ನಿದ್ರೆ ಮತ್ತೆ ನಮ್ಮಿಬ್ಬರ ಹೆಸರು ಎಳೀತಾರೆ. ಜುಂಜಣ್ಣ ನಿಮ್ಮವ್ವನ್ನ ಹಟ್ಟೀಲಿ ಮಾತಾಡ್ಸಂಗಿಲ್ಲ ಅಂತಾನೆ. ಈ ಸಂಬಂಧಾನೂ ಹೋಗ್ತೈತೆ, ಅಪ್ಪಂಗೆ ಯಾರೂ ಇಲ್ದಂಗಾಗ್ತೈತೆ. ನಾವು ಕೈ ಎತ್ತಿ ಹಾಳು ಮಾಡಿದ್ದು ಸಾಕು."

ಅವಳು ಅವನ ಬಲಗೈ ಹಿಡಿದುಕೊಂಡಳು. ತಾಮ್ರದ ತಂತಿ ಕೊಯ್ದು ಕೊಯ್ದು ಬೆರಳ ತುದಿಯಲ್ಲಿ ಸಣ್ಣ ಗೆರೆಗಳಾಗಿದ್ದವು. ಅದರ ಮೇಲೊಮ್ಮೆ ಹೆಬ್ಬೆರಳು ಆಡಿಸಿ, ಬಿಟ್ಟು, ತಿರುಗಿ ನೋಡದೆ ಮಠದ ಬೀದಿಯ ಕಡೆ ನಡೆದಳು. ಅವಳು ತಿರುಗುವವರೆಗೂ ಹೋಗುವುದಿಲ್ಲವೆಂದು ಅವನು ಅಲ್ಲೇ ನಿಂತ. ಅವಳು ತಿರುಗಲಿಲ್ಲ.

ಭಾನುವಾರ ಅದೇ ಕೊಠಡಿ. ಕಿಟಕಿ ಕಡೆಯ ಬೆಂಚಿನಲ್ಲಿ ಯಾರೂ ಇರಲಿಲ್ಲ. ಬಿಸಿಲು ಮಾತ್ರ ಬಿದ್ದಿತ್ತು. ಶ್ರೀನಿವಾಸ್ ಕೆಮ್ಮಿ, "ರೇಣುಕಾ ಅವ್ರು ಸ್ವಂತ ಕಾರಣಕ್ಕೆ ರಾಜೀನಾಮೆ ಕೊಟ್ಟಾರೆ. ಒಪ್ಪೋರು ಕೈ ಎತ್ರಿ," ಎಂದರು.

ಎರಡೂ ಬೀದಿಯ ಕೈಗಳು ಒಟ್ಟಿಗೆ ಎದ್ದವು. ಎತ್ತಿದವರೆಲ್ಲ ಮಾರುತೇಶನ ಕಡೆ ತಿರುಗಿದರು. ಅವನು ಖಾಲಿ ಬೆಂಚನ್ನು ನೋಡುತ್ತಾ ಬಲಗೈ ಎತ್ತಿದ. ಎಲ್ಲರೂ ಇಳಿಸಿದ ಮೇಲೂ ಅವನ ಕೈ ಮೇಲೇ ಇತ್ತು. ಕೊನೆಗೆ ಜುಂಜಣ್ಣನೇ, "ಸಾಕು ಇಳಿಸಪ್ಪ," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಬೀದಿದೀಪದ ವಿಷಯ ಬಂತು, ಚರಂಡಿಯ ವಿಷಯ ಬಂತು. ಎರಡಕ್ಕೂ ಕೈ ಎತ್ತಿದ್ದಾಯಿತು. ಆಮೇಲೆ ಶ್ರೀನಿವಾಸ್ ಎಂದಿನಂತೆ ಕೇಳಿದರು.

"ಟೀಗೆ ಯಾರ್ಯಾರು?"

ಎಂಟು ಕೈ.

"ಕಾಫಿಗೆ?"

ಮಾರುತೇಶನ ಕೈ ಮೊಣಕಾಲಿನ ಮೇಲಿತ್ತು. ಶ್ರೀನಿವಾಸ್ ಒಂದು ಗಳಿಗೆ ಅವನನ್ನು ನೋಡಿದರು, ಕಿಟಕಿ ಕಡೆಯ ಬೆಂಚನ್ನು ನೋಡಿದರು. ಆಮೇಲೆ ಬಾಗಿಲ ಹತ್ತಿರ ಹೋಗಿ, ಎದುರಿನ ಹೋಟೆಲ್ಲಿಗೆ ಕೂಗಿ ಹೇಳಿದರು.

"ಎಲ್ಲಾರ್ಗೂ ಟೀನೇ ಕೊಡಪ್ಪ."